ದೈವಾಜ್ಞೆಯೂ ವಿವೇಕವೂ

ಇಂದು ಪದವೀಧರರಾಗುತ್ತಿರುವ ತರುಣ ತರುಣಿಯರೇ,

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ಮಳೆಯನ್ನು ನಂಬಿ ಬಿತ್ತಿ, ಮಳೆ ಬಾರದ ವರ್ಷ ದೇವರನ್ನು ನಂಬಿ ದಿನ ನೂಕಿದ ಮನೆಗಳಿಂದ ಬಂದ ನಿಮಗೆ ಭಕ್ತಿಯೆಂದರೇನೆಂದು ನಾನು ಹೇಳಬೇಕಾಗಿಲ್ಲ. ದಂಡಿನ ಮಾರಮ್ಮನಿಗೆ ಹರಕೆ ಹೊತ್ತ ತಾಯಂದಿರ, ಸಿದ್ಧರಬೆಟ್ಟವನ್ನೇರಿದ ಅಜ್ಜಂದಿರ ಮಕ್ಕಳು ನೀವು. ಆ ಶ್ರದ್ಧೆಯನ್ನು ಹೀಯಾಳಿಸುವುದನ್ನು ಕಲಿಸುವ ವಿದ್ಯೆಯನ್ನು ನಾನು ವಿದ್ಯೆಯೆಂದು ಕರೆಯಲಾರೆ. ಆದರೆ ಆ ಶ್ರದ್ಧೆಯ ಹೆಸರಿನಲ್ಲಿಯೇ ಒಂದು ಜೀವವನ್ನು ತೆರಬೇಕಾಗಿ ಬಂದಾಗ ಧರ್ಮಿಷ್ಠನಾದವನು ಮಾಡತಕ್ಕದ್ದೇನೆಂಬ ಪ್ರಶ್ನೆಯು ಪುರಾಣಕಾಲಕ್ಕೆ ಮುಗಿದುಹೋದುದಲ್ಲ.

2023ರ ಜುಲೈ ತಿಂಗಳಿನಲ್ಲಿ, ನಿಮ್ಮ ನೆರೆಯ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯೆಂಬ ಕಾಡುಗೊಲ್ಲರ ಹಟ್ಟಿಯಲ್ಲಿ, ಹೆರಿಗೆಯ ಸೂತಕ ದೇವರಿಗೆ ಆಗದೆಂಬ ಕಾರಣದಿಂದ ಬಾಣಂತಿಯೂ ಹಸುಗೂಸೂ ಹಟ್ಟಿಯ ಹೊರಗಣ ಗುಡಿಸಲಿನಲ್ಲಿ ಮಳೆಗಾಳಿಗಳ ನಡುವೆ ಇರಬೇಕಾಗಿ ಬಂದು, ಆ ಕೂಸು ಶೀತಕ್ಕೆ ತುತ್ತಾಗಿ ಅಸುನೀಗಿತು. ಅಲ್ಲಿ ಯಾರೂ ಕತ್ತಿಯನ್ನೆತ್ತಲಿಲ್ಲ, ಹೆತ್ತವರಿಗಾಗಲಿ ಬಂಧುಗಳಿಗಾಗಲಿ ಕೂಸಿನ ಮೇಲೆ ಹಗೆಯಿರಲಿಲ್ಲ, ಇದ್ದುದು ವಿಧೇಯತೆಯೊಂದೇ. ಸಿರಾ ಸೀಮೆಯ ಕಳುವರಹಳ್ಳಿಯಲ್ಲಿ ನೆಲೆಸಿ ಕಾಡುಗೊಲ್ಲರ ಬಾಯಿಂದ ಬಾಯಿಗೆ ಹಾಡಾಗಿ ಬಂದ ಜುಂಜಪ್ಪ ದನಕರುಗಳನ್ನು ಕಾಯ್ದ ವೀರನಷ್ಟೆ. ಅಂಥ ಗೋಪಾಲಕನ ಕುಲದಲ್ಲಿ ಯಾವ ದೈವವಾದರೂ ಎಳೆಗೂಸಿನ ಪ್ರಾಣವನ್ನು ಬೇಡೀತೆಂದು ನಂಬುವುದೇ ಆ ದೈವಕ್ಕೆ ಮಾಡುವ ಅಪಚಾರವೆಂದು ನನ್ನ ಮತ. ಋತುಮತಿಯರನ್ನೂ ಗರ್ಭಿಣಿಯರನ್ನೂ ಬಲವಂತದಿಂದ ಹೊರಗಿಡುವುದನ್ನು ನಮ್ಮ ರಾಜ್ಯದ 2017ರ ಅಧಿನಿಯಮವು ಅಪರಾಧವೆಂದು ಸಾರಿರುವುದು ನಿಜ. ಹೊರಗಿಟ್ಟ ಹೆಂಗಸರಿಗಾಗಿ ಸರ್ಕಾರವೇ ಕೆಲವು ಹಟ್ಟಿಗಳಲ್ಲಿ ಕೃಷ್ಣಕುಟೀರಗಳನ್ನು ಕಟ್ಟಿಸಿಕೊಟ್ಟಿರುವುದೂ ನಿಜ. ಅದರಿಂದ ಮಳೆ ತಪ್ಪಿತೇ ಹೊರತು ಬಹಿಷ್ಕಾರ ತಪ್ಪಲಿಲ್ಲ!

ದೈವಾಜ್ಞೆಯ ಈ ಪ್ರಶ್ನೆ ಒಂದು ಕುಲಕ್ಕೋ ಒಂದು ಮತಕ್ಕೋ ಸೇರಿದುದಲ್ಲ. ಸಿರಾದ ಪುರಾತನ ಮಸೀದಿಯಲ್ಲಿ ಬಕ್ರೀದಿನ ದಿನ ನೆರೆಯುವವರು ಸ್ಮರಿಸುವ ಇಬ್ರಾಹಿಮರ ಕಥೆಯನ್ನು ನೀವು ಬಲ್ಲಿರಿ. ಮಗನನ್ನು ಬಲಿಕೊಡೆಂದು ಕನಸಿನಲ್ಲಿ ಕಂಡ ಆಜ್ಞೆಯನ್ನು ತಂದೆ ಮೊದಲು ಮಗನಿಗೇ ತಿಳಿಸಿ ಅವನ ಅಭಿಪ್ರಾಯವನ್ನು ಕೇಳುತ್ತಾನೆಂಬುದನ್ನೂ, ಕೊನೆಗೆ ದೇವರೇ ಅಡ್ಡಬಂದು ಮಗನನ್ನುಳಿಸಿದನೆಂಬುದನ್ನೂ ಮರೆತು, ಆ ಕಥೆಯಿಂದ ವಿಧೇಯತೆಯನ್ನಷ್ಟೇ ಹೆಕ್ಕಿಕೊಳ್ಳುವವರು ಎಲ್ಲ ಮತಗಳಲ್ಲಿಯೂ ಇರುವರು. ಜರ್ಮನಿಯ ತತ್ತ್ವಜ್ಞ ಕಾಂಟ್ 1798ರಲ್ಲಿ ಇದೇ ಕಥೆಯನ್ನು ಕುರಿತು, ಮಗನನ್ನು ಕೊಲ್ಲಬಾರದೆಂಬುದು ನಿಶ್ಚಯವೆಂದೂ ಕೇಳಿಬರುವ ದನಿ ದೇವರದೇ ಎಂಬುದು ನಿಶ್ಚಯವಲ್ಲವೆಂದೂ ತಂದೆಯು ಉತ್ತರಿಸಬೇಕಿತ್ತೆಂದು ಬರೆದನು. ನಮ್ಮ ಹಟ್ಟಿಗಳಲ್ಲಿಯಾದರೋ ಆಕಾಶವಾಣಿಯ ಗೊಂದಲವೇ ಇಲ್ಲ. ಆಜ್ಞೆಯು ಪೂಜಾರಪ್ಪನ ಬಾಯಿಂದಲೋ ಹಿರಿಯರ ಬಾಯಿಂದಲೋ ಬರುತ್ತದೆ, ಅದರ ಬೆಲೆಯನ್ನು ತೆರುವುದು ಮಾತ್ರ ಬಾಣಂತಿ.

ಕಾಂಟನವರೆಗೆ ಹೋಗಬೇಕಾದುದೂ ಇಲ್ಲ. ಪಾವಗಡದ ನಿಡುಗಲ್ಲು ದುರ್ಗದಲ್ಲಿ ಚೋಳವಂಶದ ಅರಸರು ಆಳುತ್ತಿದ್ದ ಕಾಲದಲ್ಲಿ, 1209ರಲ್ಲಿ, ಹೊಯ್ಸಳರ ಆಶ್ರಯದಲ್ಲಿದ್ದ ಕವಿ ಜನ್ನನು ‘ಯಶೋಧರ ಚರಿತೆ’ಯನ್ನು ರಚಿಸಿದನು. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡೆಂದು ತಾಯಿ ಒತ್ತಾಯಿಸಲು, ಹಿಂಸೆಗೊಪ್ಪದ ಮನಸ್ಸೂ ತಾಯಿಯ ಮಾತನ್ನು ಮೀರಲಾರದ ಮನಸ್ಸೂ ಒಂದೇ ಆಗಿದ್ದ ಯಶೋಧರನು ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ; ಅದರೊಳಹೊಕ್ಕ ಬೆಂತರವೊಂದು ಕೂಗಿಕೊಳ್ಳುತ್ತದೆ; ಆ ಒಂದು ಪೆಟ್ಟಿಗಾಗಿ ತಾಯಿಮಕ್ಕಳಿಬ್ಬರೂ ಪಶುಪಕ್ಷಿಗಳ ಜನ್ಮವೆತ್ತಿ ತೊಳಲುತ್ತಾರೆ. ಹಿಟ್ಟಿಗಾಗಿ ಇಷ್ಟು ಘೋರ ದಂಡವೇ ಎಂದು ನೀವು ಕೇಳಬಹುದು. ದಂಡ ಹಿಟ್ಟಿಗಲ್ಲ, ತಪ್ಪೆಂದು ತಿಳಿದೂ ಹಿರಿಯರ ಮಾತೆಂದು ಕೈಯೆತ್ತಿದ ಸಂಕಲ್ಪಕ್ಕೆ. ತಿಳಿಯದೆ ತಪ್ಪಿದವನಿಗಿಂತ ತಿಳಿದು ಮಣಿದವನನ್ನು ಜನ್ನನು ಹೆಚ್ಚು ನಿಷ್ಠುರವಾಗಿ ಕಂಡನೆಂದೇ ನನಗೆ ತೋರುತ್ತದೆ. ಇಂದಿನಿಂದ ನೀವು ತಿಳಿದವರ ಪಂಕ್ತಿಗೆ ಸೇರಿದಿರಿ.

ನಿಮ್ಮಲ್ಲಿ ಕೆಲವರು ನಾಳೆ ಶಿಕ್ಷಕರಾಗಿಯೋ ದಾದಿಯರಾಗಿಯೋ ಗ್ರಾಮಾಧಿಕಾರಿಗಳಾಗಿಯೋ ಹಟ್ಟಿಗಳಿಗೆ ಹೋಗುವಿರಿ. ಕೆಲವರು ಅಲ್ಲಿಯ ಮಗಳಾಗಿಯೋ ಸೊಸೆಯಾಗಿಯೋ ಮರಳುವಿರಿ. ಅಜ್ಜಿಯೊಡನೆ ಜಗಳ ಬೇಡ, ದೇವರ ನಿಂದೆಯೂ ಬೇಡ. ದೇವರಿಗೆ ಕೈಮುಗಿದೇ ಹೋಗಿ, ಗುಡಿಸಲಿನಲ್ಲಿ ಕುಳಿತ ಬಾಣಂತಿಯನ್ನು ಕೂಸಿನ ಸಮೇತ ಮನೆಯೊಳಕ್ಕೆ ಕರೆತನ್ನಿ.