ಕೋಲು ಜಿಗಿತದಿಂದ ಶಾಸನಸಭೆಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕ್ರೀಡೆಯ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ಉಪದೇಶ ಬೇಡ, ಒಬ್ಬರ ಕತೆ ಹೇಳುತ್ತೇನೆ. ಹೆಸರು ಸಿಲ್ ಆ್ಯಪ್ಸ್. 1915ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ಯಾರಿಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಫ್ರಾನ್ಸಿನ ಪ್ಯಾರಿಸ್ ಅಲ್ಲ, ಅದು ಬೇರೆ.

1934ರಲ್ಲಿ ಲಂಡನ್ನಿನ ಎಂಪೈರ್ ಕ್ರೀಡಾಕೂಟದ ಕೋಲು ಜಿಗಿತದಲ್ಲಿ ಅವರಿಗೆ ಚಿನ್ನ ಬಂತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ. ನಮ್ಮ ಧ್ಯಾನ್‌ಚಂದ್ ತಂಡ ಹಾಕಿಯಲ್ಲಿ ಚಿನ್ನ ಗೆದ್ದದ್ದೂ ಅದೇ ಕೂಟದಲ್ಲಿ. ಆ್ಯಪ್ಸ್ ಅಲ್ಲಿಂದ ಬಂದು ಟೊರಾಂಟೊ ಮೇಪಲ್ ಲೀಫ್ಸ್ ತಂಡಕ್ಕೆ ಐಸ್ ಹಾಕಿ ಆಡಲು ಸೇರಿದರು, ಮುಂದೆ ನಾಯಕರಾದರು. 1942ರ ಫೈನಲ್‌ನಲ್ಲಿ ಡೆಟ್ರಾಯಿಟ್ ವಿರುದ್ಧ ಮೊದಲ ಮೂರು ಪಂದ್ಯ ಸೋತು, ಉಳಿದ ನಾಲ್ಕನ್ನೂ ಗೆದ್ದು ಸ್ಟ್ಯಾನ್ಲಿ ಕಪ್ ತಂದರು.

ಆದರೆ ನನಗೆ ಕಪ್ಪಿಗಿಂತ ದೊಡ್ಡದಾಗಿ ಕಾಣುವುದು ಬೇರೆ. ಆ ಆಟದಲ್ಲಿ ತಪ್ಪು ಮಾಡಿದವನನ್ನು ಕೆಲವು ನಿಮಿಷ ಹೊರಗೆ ಕೂರಿಸುತ್ತಾರೆ. 1941–42ರ ಇಡೀ ಲೀಗ್ ಋತುವಿನಲ್ಲಿ ಆ್ಯಪ್ಸ್ ಒಂದೇ ಒಂದು ನಿಮಿಷವೂ ಹಾಗೆ ಕೂರಲಿಲ್ಲ. 1943ರಲ್ಲಿ ಕಾಲು ಮುರಿಯಿತು. ಆಡದೆ ಸಂಬಳ ಬೇಡವೆಂದು ಸಾವಿರ ಡಾಲರಿನ ಚೆಕ್ ವಾಪಸು ಕೊಡಲು ಹೋದರಂತೆ, ಮಾಲೀಕರು ತೆಗೆದುಕೊಳ್ಳಲಿಲ್ಲ. ಆಮೇಲೆ ಎರಡು ವರ್ಷ ಸೈನ್ಯದಲ್ಲಿದ್ದರು. 1948ರಲ್ಲಿ, 201 ಗೋಲುಗಳಾದ ಮೇಲೆ, ಮೂರನೆಯ ಕಪ್ ಗೆದ್ದು ನಿವೃತ್ತರಾದರು.

ರಾಜಕೀಯ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. 1940ರಲ್ಲಿ, ಹಾಕಿಯಲ್ಲಿ ಹೆಸರು ಮಾಡಿದ್ದ ಕಾಲದಲ್ಲೇ, ಪಾರ್ಲಿಮೆಂಟಿಗೆ ನಿಂತು ಸೋತಿದ್ದರು. ಹೆಸರಿದ್ದ ಮಾತ್ರಕ್ಕೆ ಓಟು ಬೀಳುವುದಿಲ್ಲ, ನಮ್ಮೂರಿನಲ್ಲೂ ನೋಡಿದ್ದೇವೆ! 1963ರಲ್ಲಿ ಕಿಂಗ್‌ಸ್ಟನ್‌ನಿಂದ ಪ್ರಾಂತ್ಯದ ಶಾಸನಸಭೆಗೆ ಗೆದ್ದರು, 1975ರವರೆಗೂ ಶಾಸಕರಾಗಿದ್ದರು. 1971ರಲ್ಲಿ ಮಂತ್ರಿಯಾದಾಗ ಸಿಕ್ಕಿದ್ದು ಬಂದೀಖಾನೆ ಮತ್ತು ಸುಧಾರಣಾ ಖಾತೆ. ಇಡೀ ಲೀಗ್ ಋತುವೊಂದರಲ್ಲಿ ಒಂದು ನಿಮಿಷವೂ ಶಿಕ್ಷೆ ಅನುಭವಿಸದವರಿಗೆ ಶಿಕ್ಷೆ ಅನುಭವಿಸುವವರ ಖಾತೆ!

ಈ ಕತೆ ಇಲ್ಲೇಕೆ ಎಂದರೆ, ನಮ್ಮ ಶಾಲೆಯ ಮೈದಾನದ ರಸ್ತೆ ಬದಿಗೆ ಮಳಿಗೆ ಕಟ್ಟಿದರೆ ಬಾಡಿಗೆ ಬರುತ್ತದೆ ಎಂಬ ಮಾತು ಕೇಳಿಬರುತ್ತಿದೆ. ಬಾಡಿಗೆ ಬರುವುದು ನಿಜ, ಶಾಲೆಗೆ ದುಡ್ಡು ಬೇಕಿರುವುದೂ ನಿಜ. ಆದರೆ ಆ ಬದಿಯಲ್ಲೇ ಲಾಂಗ್‌ಜಂಪಿನ ಮರಳುಗುಂಡಿ ಇದೆ, ಖೋ ಖೋ ಕಂಬಗಳಿವೆ. ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳು ಈ ಸಲ ತಾಲ್ಲೂಕಿಗೆ ಆಡಲು ಅಭ್ಯಾಸ ಮಾಡುತ್ತಿರುವುದು ಅಲ್ಲೇ. ಎಸ್.ಡಿ.ಎಂ.ಸಿ. ಸಭೆ ಬರುವ ಶನಿವಾರ ಇದೆ. ವೇದಿಕೆ ಮೇಲಿರುವ ಜನಪ್ರತಿನಿಧಿಗಳು, ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಬನ್ನಿ. ಬರುವ ಮೊದಲು ಒಂದು ಸಂಜೆ ಐದು ಗಂಟೆಗೆ ಮೈದಾನದ ಹತ್ತಿರ ಬಂದು ಆ ಮಕ್ಕಳ ಆಟ ನೋಡಿ ಹೋಗಿ.