ಇಳಿಯಬಲ್ಲವನೇ ಏರಬಲ್ಲ



ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಹಿರಿಯರು ಹೇಳಿದ್ದಾರೆ. ಈ ಮಾತನ್ನು ಎಲ್ಲರೂ ಆಡುತ್ತೇವೆ. ಆದರೆ ಹತ್ತಿರಕ್ಕೆ ಹೋದಾಗ ಬೆಟ್ಟ ಏನು ಹೇಳುತ್ತದೆ ಎಂಬುದನ್ನು ಕೇಳಿಸಿಕೊಳ್ಳುವವರು ಕಡಿಮೆ. ಶಿವರಾತ್ರಿ ಕಳೆಯಿತೆಂದರೆ ನಮ್ಮ ಊರುಗಳಲ್ಲಿ ಕೇದಾರಯಾತ್ರೆಯ ಮಾತು ಏಳುತ್ತದೆ. ಹತ್ತು ಮನೆಯವರು ಕೂಡಿಕೊಳ್ಳುತ್ತಾರೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತಾರೆ, ಮಠಕ್ಕೆ ಬಂದು ಆಶೀರ್ವಾದ ಬೇಡುತ್ತಾರೆ. ಆಶೀರ್ವಾದಕ್ಕೆ ಮಠದಲ್ಲಿ ಬಡತನವಿಲ್ಲ. ಆದರೆ ಬೆಟ್ಟವು ಆಶೀರ್ವಾದವನ್ನು ನೋಡಿ ದಾರಿ ಬಿಡುವುದಿಲ್ಲ. ಕಾಲವನ್ನು ನೋಡಿ ಬಿಡುತ್ತದೆ. ಆದ್ದರಿಂದ ಹೊರಡುವವರಿಗೂ, ಹೊರಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡವರಿಗೂ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಮೊದಲು ಆ ಎತ್ತರವನ್ನು ತಿಳಿದುಕೊಳ್ಳಿ. ನಮ್ಮ ನಾಡಿನ ಅತಿ ಎತ್ತರದ ಶಿಖರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಅದು ಸುಮಾರು 1,930 ಮೀಟರ್. ಕೇದಾರಕ್ಕೆ ಕಾಲ್ನಡಿಗೆ ಶುರುವಾಗುವುದು ಗೌರಿಕುಂಡದಲ್ಲಿ. ಆ ಗೌರಿಕುಂಡವೇ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತಲೆಯಷ್ಟು ಎತ್ತರದಲ್ಲಿದೆ! ಎಂದರೆ ನಮ್ಮ ಬೆಟ್ಟ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಆ ಬೆಟ್ಟದ ಮೊದಲ ಮೆಟ್ಟಿಲು. ಅಲ್ಲಿಂದ ಮಂದಾಕಿನಿಯ ದಂಡೆ ಹಿಡಿದು ಸುಮಾರು 16 ಕಿಲೋಮೀಟರ್ ನಡೆದರೆ ಕೇದಾರೇಶ್ವರನ ಗುಡಿ. ಎತ್ತರ 3,583 ಮೀಟರ್, ನಮ್ಮ ಹಳೆಯ ಲೆಕ್ಕದಲ್ಲಿ 11,755 ಅಡಿ. ಗುಡಿಯ ಬೆನ್ನಿಗೆ ನಿಂತ ಹಿಮಶಿಖರವೋ 6,900 ಮೀಟರಿಗೂ ಮೇಲೆ.

ಈ ಕ್ಷೇತ್ರ ನಮಗೆ ಪರಕೀಯವಲ್ಲ. ಕೇದಾರದ ರಾವಲರು ವೀರಶೈವ ಪರಂಪರೆಯವರು. ಕನ್ನಡ ನೆಲಕ್ಕೂ ಆ ಹಿಮಕ್ಕೂ ಹೀಗೆ ಬಹುಕಾಲದ ನಂಟು ನಡೆದು ಬಂದಿದೆ. ಆ ನಂಟಿನಲ್ಲಿ ಒಂದು ಪದ್ಧತಿ ಉಂಟು. ಅದನ್ನು ಎಲ್ಲರೂ ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಬೇಸಿಗೆಯ ಮೊದಲಲ್ಲಿ, ಅಕ್ಷಯ ತದಿಗೆಯ ಆಸುಪಾಸಿಗೆ, ಗುಡಿಯ ಬಾಗಿಲು ತೆರೆಯುತ್ತದೆ. ದೀಪಾವಳಿ ಮುಗಿದು ಬಿದಿಗೆ ಬಂದಾಗ ಬಾಗಿಲು ಮುಚ್ಚುತ್ತದೆ. ಅಂದು ಪಂಚಮುಖಿ ಉತ್ಸವಮೂರ್ತಿಯನ್ನು ಡೋಲಿಯಲ್ಲಿ ಕೂಡಿಸಿ, ಹೊತ್ತು ನಡೆದು, ಕೆಳಗಿನ ಊಖೀಮಠಕ್ಕೆ ತರುತ್ತಾರೆ. ರಾವಲರೂ ಚಳಿಗಾಲವನ್ನು ಅಲ್ಲಿಯೇ ಕಳೆಯುತ್ತಾರೆ. ಆರು ತಿಂಗಳು ಪೂಜೆ ಊಖೀಮಠದ ಓಂಕಾರೇಶ್ವರ ಗುಡಿಯಲ್ಲಿ. ಮೇಲೆ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ.

ದೇವರೇ ಕಾಲವನ್ನು ಕೇಳಿ ಇಳಿದು ಬರುತ್ತಾನೆ. ಹಾಗಿರುವಾಗ ಮನುಷ್ಯನು, 'ನಾನು ಹಣ ಕಟ್ಟಿದ್ದೇನೆ, ರಜೆ ಹಾಕಿದ್ದೇನೆ, ಇಂದೇ ಏರಿಯೇ ತೀರುತ್ತೇನೆ' ಎಂದರೆ ಅದು ಭಕ್ತಿಯೋ, ಹಟವೋ?

ಒಕ್ಕಲಿಗನಿಗೆ ಈ ಮಾತು ಬೇಗ ತಿಳಿಯುತ್ತದೆ. ಮಿರಗದ ಮಳೆಗೆ ಬಿತ್ತುವುದನ್ನು ಯಾರೂ ಸಂಕ್ರಾಂತಿಗೆ ಬಿತ್ತುವುದಿಲ್ಲ. ಹೊಲಕ್ಕೆ ಹದ ಇರುವಂತೆ ಬೆಟ್ಟಕ್ಕೂ ಹದ ಉಂಟು. ವಸಂತದಲ್ಲಿ ತುಂಗನಾಥದ ದಾರಿ ಹಿಡಿದರೆ ಕಾಡೆಲ್ಲ ಬುರಾಂಶ್ ಹೂವಿನಿಂದ ಕೆಂಪಾಗಿರುತ್ತದೆ. ಮೇ, ಜೂನ್ ತಿಂಗಳಲ್ಲಿ ಹಿಮ ಕರಗಿ ದಾರಿ ತೆರೆದಿರುತ್ತದೆ. ಆದರೆ ಜನಸಂದಣಿಯೂ ಆಗಲೇ. ಜುಲೈಯಿಂದ ಸೆಪ್ಟೆಂಬರಿನವರೆಗೆ ಮಳೆ. ಬುಗ್ಯಾಲ್ ಎಂದು ಅವರು ಕರೆಯುವ ಮೇಲಿನ ಹುಲ್ಲುಗಾವಲುಗಳು ಹೂವು ಹೊದ್ದು ನಿಲ್ಲುತ್ತವೆ, ಎತ್ತರದಲ್ಲಿ ಬ್ರಹ್ಮಕಮಲ ಅರಳುತ್ತದೆ. ನೋಡಲು ಕೈಲಾಸ, ನಡೆಯಲು ಕಂಟಕ. ಗುಡ್ಡ ಜರಿಯುವುದೂ ಕಲ್ಲು ಉರುಳುವುದೂ ಆ ಕಾಲದಲ್ಲೇ. ದಸರೆಯ ಹೊತ್ತಿಗೆ ಆಕಾಶ ತೊಳೆದಂತೆ ತಿಳಿಯಾಗುತ್ತದೆ. ತುಂಗನಾಥದ ಮೇಲಿನ ಚಂದ್ರಶಿಲೆಗೆ ಆಗ ಏರಿದವನಿಗೆ ನಂದಾದೇವಿ, ತ್ರಿಶೂಲ, ಚೌಖಂಬಾ ಶಿಖರಗಳು ಸಾಲಾಗಿ ಕಾಣುತ್ತವೆ. ಆದರೆ ರಾತ್ರಿಯ ಚಳಿ ಮೂಳೆಗಿಳಿಯುತ್ತದೆ. ಚಳಿಗಾಲದಲ್ಲಿ ಅದೇ ದಾರಿ ಹಿಮದಡಿ ಮಲಗುತ್ತದೆ. ಬೆಟ್ಟ ಒಂದೇ, ಋತು ಬೇರೆ. ಒಂದು ಋತುವಿನಲ್ಲಿ ಏರಿದವನು 'ನಾನು ಬೆಟ್ಟವನ್ನು ಬಲ್ಲೆ' ಎಂದರೆ, ಮದುವೆಯ ದಿನ ಒಮ್ಮೆ ಕಂಡವರನ್ನು ಬಲ್ಲೆ ಎಂದಂತೆ.

ಇನ್ನು ಗಾಳಿಯ ಮಾತು. ಮೇಲಕ್ಕೆ ಏರಿದಂತೆ ಗಾಳಿ ತೆಳುವಾಗುತ್ತದೆ. ಕೇದಾರದ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರದಂಡೆಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಶಾಖ ಇಳಿಯುತ್ತದೆ. ಶರೀರ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ನಿಧಾನವಾಗಿ. ಅವಸರ ಮಾಡಿದರೆ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು. ಅದನ್ನೂ ಲೆಕ್ಕಿಸದೆ ಏರಿದರೆ ಕೂತಲ್ಲಿಯೇ ಏದುಸಿರು, ತಡವರಿಸುವ ಮಾತು, ಜೋಲಿ ಹೊಡೆಯುವ ನಡಿಗೆ. ಇವು ಪುಪ್ಪುಸಕ್ಕೆ ಅಥವಾ ಮಿದುಳಿಗೆ ನೀರು ಇಳಿಯುತ್ತಿರುವ ಗುರುತು. ಇದಕ್ಕೆ ಮೊದಲ ಔಷಧ ಒಂದೇ: ತಡಮಾಡದೆ ಕೆಳಗೆ ಇಳಿಯುವುದು. ವೈದ್ಯರು ಕೊಡುವ ಮದ್ದು, ಪ್ರಾಣವಾಯುವಿನ ಡಬ್ಬ ಎಲ್ಲವೂ ಆ ಇಳಿಯುವಿಕೆಗೆ ಸಹಾಯ. ಅದರ ಬದಲಿ ಅಲ್ಲ. ನೆನಪಿಡಿ, ಈ ಬೇನೆ ಗಟ್ಟಿಮುಟ್ಟಾದ ಹರೆಯದವನನ್ನೂ ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಭಕ್ತರೊಬ್ಬರು, ಎಪ್ಪತ್ತು ದಾಟಿದ ಯಜಮಾನರು, ಮಗ ಸೊಸೆಯರ ಸಂಗಡ ಯಾತ್ರೆಗೆ ಹೋದರು. ಗುಡಿ ಇನ್ನು ನಾಲ್ಕೈದು ಕಿಲೋಮೀಟರ್ ಇರುವಾಗ, ಲಿಂಚೋಲಿಯಲ್ಲಿ, ಅವರಿಗೆ ವಾಂತಿಯಾಗಿ ಹೆಜ್ಜೆ ತಪ್ಪತೊಡಗಿತು. ಮಗ ಇಳಿಯೋಣ ಎಂದ. ಅವರು ಒಪ್ಪಲಿಲ್ಲ. ಶಿವನ ಪಾದದ ಹತ್ತಿರ ಪ್ರಾಣ ಹೋದರೆ ಹೋಗಲಿ, ಇದಕ್ಕಿಂತ ಪುಣ್ಯ ಯಾವುದು ಎಂದು ಕೂತುಬಿಟ್ಟರು. ಆಗ ಸೊಸೆ ಹೇಳಿದಳಂತೆ: "ಮಾವಾರ, ನೀವು ಇಲ್ಲೇ ಉಳಿದ್ರ ನಾವೂ ಉಳೀತೀವಿ. ಊರಾಗ ಸಣ್ಣ ಮಕ್ಕಳು ದಾರಿ ಕಾಯ್ತಾವ." ಆ ಮಾತಿಗೆ ಅವರು ಎದ್ದರು. ಕಂಡಿ ಹೊರುವವನೊಬ್ಬನು ಅವರನ್ನು ಬೆನ್ನಿನ ಬುಟ್ಟಿಯಲ್ಲಿ ಕೂಡಿಸಿಕೊಂಡು ಇಳಿಸಿದ. ಕೆಳಗೆ ಬರಬರುತ್ತ ಉಸಿರು ಹಗುರಾಯಿತು, ಜೀವ ಉಳಿಯಿತು.

ಜೀವ ಉಳಿಯಿತು, ಆದರೆ ಮನಸ್ಸಿಗೆ ನೆಮ್ಮದಿ ಇಲ್ಲ. ಮಠಕ್ಕೆ ಬಂದು ಕಣ್ಣೀರಿಟ್ಟು ಕೇಳಿದರು: "ಅಪ್ಪಾರ, ನನ್ನ ಯಾತ್ರೆ ಅರ್ಧಕ್ಕ ನಿಂತತ್ರಿ. ಇದರ ಫಲ ನನಗ ಸಿಗತೈತೋ ಇಲ್ಲೋ?"

ನಾವು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ದೇವರ ಡೋಲಿ ಪ್ರತಿವರ್ಷ ಇಳಿಯುತ್ತದೆ. ದೇವರು ಸೋತು ಬಂದ ಎಂದು ಯಾರಾದರೂ ಅನ್ನುತ್ತಾರೆಯೇ? ವಾದ್ಯ ಬಾರಿಸಿ, ಹೂವು ಚೆಲ್ಲಿ ಇದಿರುಗೊಳ್ಳುತ್ತಾರೆ. ಬೆಟ್ಟದ ಮೇಲೆ ಲಿಂಗವಿದೆ, ನಿಜ. ಅಂಗೈಯಲ್ಲಿ ಇಷ್ಟಲಿಂಗ ಇಲ್ಲವೇ? ಕರಸ್ಥಲದಲ್ಲಿ ಇರುವವನು ಐದು ಕಿಲೋಮೀಟರ್ ದೂರ ಉಳಿದನು ಎಂದು ಅಳುವುದುಂಟೇ? ಇನ್ನೊಂದು ಮಾತು: ಸೊಸೆಯ ಮಾತಿಗೆ ಹಟ ಬಿಟ್ಟು ಎದ್ದಿರಲ್ಲ, ಆ ಹೊತ್ತಿಗೆ 'ನಾನು' ಎಂಬುದು ಒಂದು ಮೆಟ್ಟಿಲು ಇಳಿಯಿತು. ಶಿಖರ ಏರಿಯೂ ಅದು ಇಳಿಯದವರು ಎಷ್ಟೋ ಜನ. ಯಾತ್ರೆಯ ಫಲ ಎಂದರೆ ಅದೇ.

ಕೆಲವರು ಕೇಳಬಹುದು: ಸಾವಿಗೆ ಅಂಜುವುದು ಭಕ್ತನಿಗೆ ಲಕ್ಷಣವೇ ಎಂದು. ಅಂಜಬೇಡಿ. ಆದರೆ ಕಾಯವಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ. ಆ ಕಾಯವನ್ನು ಬರಿಯ ಹಟಕ್ಕೆ ಒಡ್ಡುವುದು ಧೈರ್ಯವಲ್ಲ.

2013ರ ಜೂನ್ ತಿಂಗಳನ್ನು ಮರೆಯಬಾರದು. ಆ ವರ್ಷ ಮಳೆ ವಾಡಿಕೆಗಿಂತ ಮೊದಲೇ ಬಂತು. ಮೇಲೆ ಹಿಮ ಇನ್ನೂ ಕರಗುತ್ತಿತ್ತು, ಕೆಳಗೆ ಯಾತ್ರಿಕರು ತುಂಬಿದ್ದರು. 16 ಮತ್ತು 17ರಂದು ಮಂದಾಕಿನಿ ಉಕ್ಕಿತು. ಗುಡಿಯ ಮೇಲ್ಗಡೆಯ ಚೋರಾಬಾರಿ ಸರೋವರ ಒಡೆಯಿತು. ದಾರಿಯ ರಾಮ್‌ಬಾಡಾ ಎಂಬ ಊರು ಗುರುತಿಲ್ಲದಂತೆ ಕೊಚ್ಚಿಹೋಯಿತು. ಆ ಸೀಮೆಯಲ್ಲಿ ಸತ್ತವರೂ ಕಾಣೆಯಾದವರೂ ಸೇರಿ 5,000ಕ್ಕೂ ಹೆಚ್ಚು ಜನ. ಉರುಳಿ ಬಂದ ಬಂಡೆಯೊಂದು ಗುಡಿಯ ಹಿಂದೆ ನಿಂತು ನೀರನ್ನು ಸೀಳಿತು, ಗುಡಿ ಉಳಿಯಿತು. 2024ರ ಜುಲೈ 31ರ ರಾತ್ರಿಯೂ ಅದೇ ದಾರಿ ಮಳೆಗೆ ಕಿತ್ತುಹೋಗಿ ಸಾವಿರಾರು ಯಾತ್ರಿಕರು ನಡುವೆ ಸಿಕ್ಕಿಬಿದ್ದರು. ಸತ್ತವರು ಪಾಪಿಗಳು, ಉಳಿದವರು ಪುಣ್ಯವಂತರು ಎಂದು ಯಾರೂ ಆಡಬೇಡಿ. ಅದು ನಾಲಿಗೆಯ ಪಾಪ. ಮಳೆಗೆ ಜಾತಕ ಓದಲು ಬರುವುದಿಲ್ಲ. ಇದರಿಂದ ಕಲಿಯಬೇಕಾದದ್ದು ಇಷ್ಟೇ: ಮುಂದೆ ಹೋಗಬೇಡಿ ಎಂದು ಅಲ್ಲಿಯವರು ಹೇಳಿದ ದಿನ ನಿಂತುಬಿಡಬೇಕು.

ಹೊರಡುವವರಿಗೆ ಕೊನೆಯ ಮಾತು. ನಮ್ಮಲ್ಲಿಯೇ ಎರಡು ತಿಂಗಳು ಮೊದಲು ದಿನವೂ ನಡೆಯಿರಿ. ವೈದ್ಯರಿಗೆ ಎದೆ ತೋರಿಸಿಕೊಳ್ಳಿ. ಏರುವ ಮೊದಲು ಕೆಳಗಿನ ಊರಲ್ಲಿ ಒಂದೆರಡು ರಾತ್ರಿ ತಂಗಿರಿ. ಬೆಳಿಗ್ಗೆ ಬೇಗ ಹೊರಟು, ನೀರು ಕುಡಿಯುತ್ತ, ಜೊತೆಯಲ್ಲಿ ಅತಿ ಮೆಲ್ಲಗೆ ನಡೆಯುವವರ ಹೆಜ್ಜೆಗೆ ನಿಮ್ಮ ಹೆಜ್ಜೆ ಕೂಡಿಸಿ. ಕಂಡಿ ಹೊರುವವನ ಸಂಗಡ ಕೊಸರಾಡಬೇಡಿ; ಅವನ ಬೆನ್ನಿನ ಮೇಲೆ ನಡೆಯುವುದೂ ಕಾಯಕವೇ. ಹೇಸರಗತ್ತೆ ಬಳಲಿ ನಿಂತರೆ ಹೊಡೆಯಗೊಡಬೇಡಿ. ಒಯ್ದ ಪ್ಲಾಸ್ಟಿಕ್ಕನ್ನು ತಿರುಗಿ ತನ್ನಿ.

ಎತ್ತರಕ್ಕೆ ಹೋಗಿ, ನೋಡಿ, ಕೈಮುಗಿದು, ಸುಖವಾಗಿ ಇಳಿದು ಬನ್ನಿ. ಇಳಿದು ಬಂದವರನ್ನು ಕಾಣಲು ಮಠದ ಬಾಗಿಲು ಆರು ತಿಂಗಳಲ್ಲ, ಹನ್ನೆರಡು ತಿಂಗಳೂ ತೆರೆದಿದೆ.