ಕಾಂಕ್ರೀಟು ಕಟ್ಟಡಗಳ ವಿದ್ಯುತ್ಪರೀಕ್ಷೆ



ಹೊಸೂರು ರಸ್ತೆಯ ಮೇಲಿರುವ ಹೆಬ್ಬಗೋಡಿಯು ಹಿಂದೆ ಕೆರೆ ಹೊಲಗಳಿಂದೊಪ್ಪುವ ಗ್ರಾಮವಾಗಿದ್ದಿತು. ಈಗ ಅಲ್ಲಿ ಕಾರ್ಖಾನೆಗಳೂ ಬಹು ಅಂತಸ್ತಿನ ವಸತಿಗೃಹಗಳೂ ಒತ್ತೊತ್ತಾಗಿ ನಿಂತಿರುವುವು. 2025ನೆಯ ಆಗಸ್ಟ್ 10ರಂದು ಉದ್ಘಾಟಿತವಾದ ಮೆಟ್ರೋ ಹಳದಿ ಮಾರ್ಗವು ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರು ದೂರ, ಹದಿನಾರು ನಿಲ್ದಾಣಗಳೊಡನೆ, ಈ ಊರಿನ ಮೂಲಕವೇ ಎತ್ತರದ ಕಂಬಗಳ ಮೇಲೆ ಹಾದುಹೋಗುವುದು. ಇವೆಲ್ಲಕ್ಕೂ ಆಧಾರವು ಕಾಂಕ್ರೀಟು. ಕಾಂಕ್ರೀಟಿಗೆ ಆಧಾರವು ಅದರೊಳಗೆ ಅಡಗಿರುವ ಉಕ್ಕಿನ ಕಂಬಿ. ಕಣ್ಣಿಗೆ ಕಾಣದ ಆ ಕಂಬಿಯ ಕ್ಷೇಮವನ್ನು ಗೋಡೆಯನ್ನೊಡೆಯದೆ ಅರಿಯುವುದೆಂತು? ಇದೇ ಈ ಉಪನ್ಯಾಸದ ವಿಷಯವು.

ಹೊಸ ಕಾಂಕ್ರೀಟು ಸುಣ್ಣದಂತೆ ಕ್ಷಾರಗುಣವುಳ್ಳದ್ದು. ಆ ಕ್ಷಾರದ ಬಲದಿಂದ ಕಂಬಿಯ ಮೈಮೇಲೆ ಅತಿ ತೆಳುವಾದ ಪೊರೆಯೊಂದು ಕಟ್ಟಿಕೊಂಡು ತುಕ್ಕನ್ನು ತಡೆಯುವುದು. ಕಾಲಕ್ರಮದಲ್ಲಿ ಗಾಳಿಯೊಳಗಿನ ಇಂಗಾಲಾಮ್ಲವು ಒಳಹೊಕ್ಕು ಕ್ಷಾರವನ್ನು ಕುಂದಿಸಿದರೆ, ಅಥವಾ ನೀರಿನ ಲವಣವು ಕಂಬಿಯನ್ನು ಮುಟ್ಟಿದರೆ, ಪೊರೆಯು ನಾಶವಾಗುವುದು. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಸ್ಥಳವನ್ನಾಕ್ರಮಿಸುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿಯುವುದು. ಬಿರುಕು ಹೊರಗೆ ಕಾಣುವ ವೇಳೆಗೆ ರೋಗವು ಬಹಳ ಮುಂದುವರಿದಿರುವುದು.

ಆದರೆ ತುಕ್ಕು ಹಿಡಿಯುವಿಕೆಯು ಒಂದು ವಿದ್ಯುತ್ ವ್ಯಾಪಾರವಾಗಿರುವುದು. ಕಂಬಿಯ ಒಂದೆಡೆ ಉಕ್ಕು ಕರಗುವಾಗ ತೇವದ ಮೂಲಕ ಮತ್ತೊಂದೆಡೆಗೆ ಸಣ್ಣ ಪ್ರವಾಹವು ಹರಿಯುವುದು. ವೈದ್ಯನು ನಾಡಿಯನ್ನು ಹಿಡಿಯುವಂತೆ ಇಂಜಿನಿಯರನು ಇದನ್ನೇ ಹಿಡಿಯುವನು. ಮೈಲುತುತ್ತದ ದ್ರಾವಣದಲ್ಲಿ ತಾಮ್ರದ ಕಡ್ಡಿಯನ್ನಿಟ್ಟ ಚಿಕ್ಕ ನಳಿಗೆಯನ್ನು ತೇವಗೊಳಿಸಿದ ಕಾಂಕ್ರೀಟಿನ ಮೇಲಿಡುವರು; ಒಂದೆಡೆ ಮಾತ್ರ ಕಂಬಿಯನ್ನು ಸ್ವಲ್ಪ ತೆರೆದು ತಂತಿಯನ್ನು ಸೇರಿಸುವರು; ನಡುವೆ ವೋಲ್ಟುಮಾಪಕವಿರುವುದು. ಹೀಗೆ ಗೆರೆಗೀಚಿದ ಚೌಕಗಳಲ್ಲಿ ಒಂದೊಂದಾಗಿ ಅಳೆಯುತ್ತ ಹೋದರೆ ಕಂಬಿಯ ಸ್ಥಿತಿಯ ನಕ್ಷೆಯೇ ದೊರೆಯುವುದು. ಅಳತೆಯು ಋಣ 200 ಮಿಲಿವೋಲ್ಟಿಗಿಂತ ಕಡಮೆ ಋಣವಾಗಿದ್ದರೆ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚಾಗಿ ಅಲ್ಲಿ ತುಕ್ಕಿಲ್ಲ, ಋಣ 350ನ್ನು ಮೀರಿದರೆ ಅಷ್ಟೇ ಸಂಭವದಿಂದ ತುಕ್ಕುಂಟು, ನಡುವಿನದು ಸಂದಿಗ್ಧ. ಭಾರತೀಯ ಮಾನಕ ಸಂಸ್ಥೆಯು 2021ರಲ್ಲಿ ಈ ಪರೀಕ್ಷೆಗೆ ಪ್ರತ್ಯೇಕ ವಿಧಿಯನ್ನು ಪ್ರಕಟಿಸಿತು.

ಎರಡನೆಯದು ವಿದ್ಯುನ್ನಿರೋಧದ ಪರೀಕ್ಷೆ. ಅಮೆರಿಕದ ಫ್ರ್ಯಾಂಕ್ ವೆನ್ನರನು 1915ರಲ್ಲಿ ಭೂಮಿಯ ನಿರೋಧವನ್ನಳೆಯಲು ವಿವರಿಸಿದ ಕ್ರಮವೇ ಇದಕ್ಕೆ ಮೂಲ. ಸಮದೂರದಲ್ಲಿ ನಾಲ್ಕು ಮೊನೆಗಳನ್ನೂರಿ, ಹೊರಗಿನ ಎರಡರಿಂದ ಪ್ರವಾಹವನ್ನು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟನ್ನು ಅಳೆಯುವರು. ನಿರೋಧವು 20 ಕಿಲೋ-ಓಮ್ ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ತುಕ್ಕು ನಿಧಾನ. 5ಕ್ಕಿಂತ ಇಳಿದರೆ ಶೀಘ್ರ. ಮೊದಲನೆಯ ಪರೀಕ್ಷೆಯು ತುಕ್ಕಿನ ಸಂಭವವನ್ನು ಹೇಳಿದರೆ, ಎರಡನೆಯದು ಅದು ಬೆಳೆಯಲು ಇರುವ ಅನುಕೂಲವನ್ನು ಹೇಳುವುದು.

ಈ ನಾಡಿಗೂ ಮಿತಿಯುಂಟು. ಬಣ್ಣ ಬಳಿದ ಗೋಡೆ, ಪೂರ್ತಿ ಒಣಗಿದ ಕಾಂಕ್ರೀಟು, ಲೇಪವುಳ್ಳ ಕಂಬಿ, ಕೊಳವೆಯೊಳಗೆ ಬಿಗಿದ ಉಕ್ಕಿನ ಹುರಿ—ಇವುಗಳಲ್ಲಿ ಅಳತೆಯು ನಂಬತಕ್ಕದ್ದಲ್ಲ. ಪೀಣ್ಯದ ಮೇಲುಸೇತುವೆಯನ್ನು 2021ನೆಯ ಡಿಸೆಂಬರಿನಲ್ಲಿ ಮುಚ್ಚಿದುದು ಇಂತಹ ಬಿಗಿಹುರಿಗಳ ದೋಷದಿಂದಲೇ. 2022ನೆಯ ಫೆಬ್ರವರಿಯಲ್ಲಿ ಲಘು ವಾಹನಗಳಿಗೂ, 2024ನೆಯ ಜುಲೈಯಲ್ಲಿ ಭಾರಿ ವಾಹನಗಳಿಗೂ ಅವಕಾಶವಾಯಿತು. ಹುದುಗಿದ ಉಕ್ಕನ್ನು ಮರೆತರೆ ಎಷ್ಟು ಸಹಸ್ರ ಜನರಿಗೆ ಕಷ್ಟವೆಂಬುದಕ್ಕೆ ಇದು ನಿದರ್ಶನ.

ಮೆಟ್ರೋ ಮಾರ್ಗದಲ್ಲಿ ಇನ್ನೊಂದು ಎಚ್ಚರವೂ ಬೇಕು. ಅಲ್ಲಿ ಮೂರನೆಯ ಹಳಿಯಿಂದ 750 ವೋಲ್ಟಿನ ಏಕಮುಖ ವಿದ್ಯುತ್ತು ಗಾಡಿಗೆ ಬಂದು, ಓಡುವ ಹಳಿಗಳಿಂದ ಹಿಂದಿರುಗುವುದು. ಆ ಹಳಿಯ ನಿರೋಧಕವು ಕೆಟ್ಟರೆ ವಿದ್ಯುತ್ತು ದಾರಿತಪ್ಪಿ ಕಾಂಕ್ರೀಟಿನ ಕಂಬಿಯನ್ನು ಸೇರಿ, ಹೊರಬೀಳುವೆಡೆಯಲ್ಲಿ ಉಕ್ಕನ್ನು ತಿನ್ನುವುದು. ರೋಗವನ್ನು ಕಂಡುಹಿಡಿಯುವ ಶಕ್ತಿಯೇ ಅಂಕೆತಪ್ಪಿದಲ್ಲಿ ರೋಗಕ್ಕೆ ಕಾರಣವಾಗುವುದು.

ಈ ವಿಚಾರವು ಇಂಜಿನಿಯರರಿಗೆ ಮಾತ್ರ ಸಂಬಂಧಿಸಿದುದಲ್ಲ. ಭಕ್ತರು ಮುಡಿಪಿನ ಹಣದಿಂದ ಪಾಠಶಾಲೆಯನ್ನೂ ಪ್ರಸಾದನಿಲಯವನ್ನೂ ಕಟ್ಟಿಸುವರು. ಆ ಮಾಳಿಗೆಯ ಕೆಳಗೆ ಪರರ ಮಕ್ಕಳು ನಿಶ್ಚಿಂತೆಯಿಂದ ಮಲಗುವರು. ಕಟ್ಟಿಸಿದವನ ಹೆಸರಿನ ಕಲ್ಲಿಗೆ ವರುಷವರುಷವೂ ಪೂಜೆಯಾಗುವುದು. ಮಾಳಿಗೆಯ ಒಳಗಿನ ಕಂಬಿಯನ್ನು ವಿಚಾರಿಸುವವರು ವಿರಳ. ಕಟ್ಟುವಾಗ ಕೊಳವೆಬಾವಿಯ ನೀರನ್ನು ಪರೀಕ್ಷಿಸಬೇಕು. ಕಂಬಿಯುಳ್ಳ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡು ಸಲ್ಲದೆಂದು ಮಾನಕದ ವಿಧಿ. ಕಂಬಿಯ ಮೇಲೆ ಸಾಕಷ್ಟು ದಪ್ಪ ಕಾಂಕ್ರೀಟಿರಬೇಕು, ದಿನತಪ್ಪದೆ ನೀರುಣಿಸಬೇಕು. ಕಟ್ಟಿದ ಮೇಲೆ, ಮಾಳಿಗೆ ಸೋರುವ ಮೊದಲೇ, ಅನುಭವಸ್ಥರಿಂದ ಪರೀಕ್ಷೆ ಮಾಡಿಸಬೇಕು.

ಕಟ್ಟುವುದು ಒಂದು ಕಾಯಕ. ಕಟ್ಟಿದುದನ್ನು ಕಾಯುವುದು ಅದರ ಶೇಷಭಾಗ. ದಾನವು ಮೊದಲನೆಯದರಿಂದ ಆರಂಭವಾಗಿ ಎರಡನೆಯದರಿಂದಲೇ ಪೂರ್ಣವಾಗುವುದೆಂಬುದನ್ನು ಸದ್ಭಕ್ತರು ಮನಗಾಣಲಿ.